ರಸ್ತೆ ಮಾಡಿಸಿದವರಾ, ಚರಂಡಿ ಮಾಡಿಸಿದವರಾ?

ಮೈಸೂರು ಪಾಲಿಕೆಯ 65 ವಾರ್ಡ್‌ಗಳಿಗೆ 2018ರಲ್ಲಿ ಚುನಾವಣೆ ನಡೆದಿತ್ತು, 2023ರ ನವೆಂಬರ್‌ಗೆ ಅವಧಿ ಮುಗಿಯಿತು. ಮುಂದಿನ ಚುನಾವಣೆಗೆ ಹಳೆ ಕಾರ್ಪೊರೇಟರ್‌ಗಳು ಮನೆ ಬಾಗಿಲಿಗೆ ಬಂದು ಮಾಡಿದ ಕೆಲಸದ ಪಟ್ಟಿ ಕೊಡುತ್ತಾರೆ. ಅವರಲ್ಲಿ ಯಾರನ್ನು ಆರಿಸೋದು?

ಒಂದು ಥರದವರ ಪಟ್ಟಿಯಲ್ಲಿ ಡಾಂಬರು, ಬಣ್ಣದ ಟೈಲ್ಸ್, ಸ್ವಾಗತ ಕಮಾನು ಇರುತ್ತೆ. ಕಣ್ಣಿಗೆ ಬೀಳುತ್ತೆ, ಖುಷಿಯೂ ಆಗುತ್ತೆ. ಆದರೆ ಒಳಚರಂಡಿ ಪೈಪ್ ಸರಿಪಡಿಸದೆ ಮೇಲೆ ಡಾಂಬರು ಹಾಕಿದರೆ, ಪೈಪ್ ಕಟ್ಟಿಕೊಂಡ ದಿನ ಅದೇ ರಸ್ತೆಯನ್ನು ಮತ್ತೆ ಅಗೆಯಬೇಕು, ಆಮೇಲೆ ಆ ಗುಂಡಿ ಮುಚ್ಚಿಸೋಕೆ ನಾವು ತಿಂಗಳುಗಟ್ಟಲೆ ಅಲೆಯಬೇಕು. ನಮ್ಮ ಬೀದಿಯಲ್ಲಿ ಇದೇ ಆಯ್ತು.

ಇನ್ನೊಂದು ಥರದವರು ಮಳೆಗಾಲಕ್ಕೆ ಮೊದಲೇ ಮೋರಿ ಹೂಳೆತ್ತಿಸುತ್ತಾರೆ, ಕೆಟ್ಟ ಬೀದಿದೀಪ ಬದಲಾಯಿಸುತ್ತಾರೆ, ಹಸಿ ಕಸ ಒಣ ಕಸ ಬೇರೆ ಮಾಡಿ ಅಂತ ಬೆಳಿಗ್ಗೆ ಗಾಡಿ ಜೊತೆ ತಾವೇ ಬಂದು ಹೇಳುತ್ತಾರೆ. ಫೋಟೋದಲ್ಲಿ ಇದೆಲ್ಲ ಕಾಣೋದಿಲ್ಲ. ಆದರೆ 2015, 2016ರಲ್ಲಿ ಮೈಸೂರಿಗೆ ದೇಶದ ಸ್ವಚ್ಛ ನಗರ ಅಂತ ಮೊದಲ ಸ್ಥಾನ ಸಿಕ್ಕಿದ್ದರ ಹಿಂದೆ, ಪೌರಕಾರ್ಮಿಕರ ದುಡಿಮೆಯ ಜೊತೆಗೆ, ಇಂಥ ಕಾಣದ ಕೆಲಸವೇ ಜಾಸ್ತಿ ಅಲ್ವಾ?

ನನ್ನ ಆಯ್ಕೆ ಎರಡನೆಯವರು. ಹಾಗಂತ ಅವರ ಮಾತನ್ನೂ ಸುಮ್ನೆ ನಂಬಬೇಡಿ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ವಾರ್ಡಿನ ಕಾಮಗಾರಿ ಪಟ್ಟಿ, ಬಿಲ್ಲು ಎರಡೂ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಆ ಪಟ್ಟಿ ಹಿಡಿದು ಒಂದು ಭಾನುವಾರ ಬೀದಿ ಬೀದಿ ಸುತ್ತಿ ಬನ್ನಿ. ಮಳೆ ಬಂದ ಮರುದಿನವಾದರೆ ಇನ್ನೂ ಒಳ್ಳೇದು.