ಹಾಡಿನ ವೇಗ ಇಳಿಸಲು ನನಗೆ ರಬ್ಬರ್ ಬ್ಯಾಂಡೇ ಸರಿ

ಶ್ರುತಿ ಕೆಡದಂತೆ ಹಾಡಿನ ವೇಗ ಇಳಿಸಲು, ವೇಗ ಬದಲಾಗದಂತೆ ಶ್ರುತಿ ಏರಿಸಲು ಮೂರು ತಂತ್ರಾಂಶ ಬಳಸಿ ನೋಡಿದೆ: ದುಡ್ಡು ಕೊಟ್ಟು ಕೊಂಡದ್ದು ಒಂದು, ಆಡಾಸಿಟಿ, ರಬ್ಬರ್ ಬ್ಯಾಂಡ್. ಈಗ ನಾನು ಮೊದಲು ತೆರೆಯುವುದು ರಬ್ಬರ್ ಬ್ಯಾಂಡನ್ನೇ.

ಕೊಂಡ ತಂತ್ರಾಂಶದ ದನಿ ಚೆನ್ನಾಗಿಯೇ ಇದೆ, ಕಿಟಕಿಯೂ ಅಚ್ಚುಕಟ್ಟು. ತಂಟೆ ಇರುವುದು ವೇಗ ಬರೆಯುವ ಚೌಕದಲ್ಲಿ. ಅದರಲ್ಲಿ ದಶಮಾಂಶ ನಿಲ್ಲುವುದಿಲ್ಲ. 128 ಬಿಪಿಎಂ (ಒಂದು ನಿಮಿಷಕ್ಕೆ ಬೀಳುವ ಬೀಟುಗಳ ಲೆಕ್ಕ) ಹಾಡನ್ನು 120ಕ್ಕೆ ತರಬೇಕಾದರೆ ವೇಗ ಶೇ 93.75 ಆಗಬೇಕು. ಹಾಗೆ ಬರೆದು ಎಂಟರ್ ಒತ್ತಿದರೆ ಅದು 94 ಆಗಿ ಕೂರುತ್ತದೆ. ಸುಮ್ಮನೆ ಕೇಳುವವರಿಗೆ ಇಷ್ಟು ಸಣ್ಣ ವ್ಯತ್ಯಾಸ ಗೊತ್ತೇ ಆಗದು. ನಾನು ಮಾತ್ರ ನಿಧಾನವಾದ ಹಾಡಿನ ಜೊತೆಗೆ 120ರ ಕ್ಲಿಕ್ (ತಾಳ ತೋರಿಸುವ ಟಿಕ್ ಟಿಕ್ ದನಿ) ಇಟ್ಟುಕೊಂಡು ಗಿಟಾರ್ ರೆಕಾರ್ಡ್ ಮಾಡುವವನು. 94 ಅಂದರೆ 120.32 ಬಿಪಿಎಂ. 480 ಬೀಟಿನ ಹಾಡು 240 ಸೆಕೆಂಡಿಗೆ ಮುಗಿಯಬೇಕಾದ್ದು 239.36ಕ್ಕೇ ಮುಗಿಯುತ್ತದೆ. 120ರಲ್ಲಿ ಒಂದು ಬೀಟಿಗೆ ಅರ್ಧ ಸೆಕೆಂಡು; ಕೊನೆಯ ಹೊತ್ತಿಗೆ ಹಾಡು ಒಂದು ಬೀಟಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಪಲ್ಲವಿಯಲ್ಲಿ ಸರಿಯಾಗಿಯೇ ಕೇಳುತ್ತದೆ, ಎರಡನೇ ಚರಣದ ಹೊತ್ತಿಗೆ ಡ್ರಮ್ಮೂ ಕ್ಲಿಕ್ಕೂ ಬೇರೆಬೇರೆ. ಆಮೇಲೆ ಟ್ರ್ಯಾಕನ್ನು ಅಲ್ಲಲ್ಲಿ ಕತ್ತರಿಸಿ ಸರಿಸುತ್ತಾ ಕೂರಬೇಕು. ದುಡ್ಡು ಕೊಟ್ಟ ಮೇಲೂ ಈ ಕೆಲಸ ನನ್ನ ತಲೆಗೇ ಬಂದರೆ ಸಿಟ್ಟು ಬಾರದೆ ಇರುತ್ತದೆಯೇ?

ರಬ್ಬರ್ ಬ್ಯಾಂಡಿನ ಟರ್ಮಿನಲ್ ರೂಪದಲ್ಲಿ, ಅಂದರೆ ಆಜ್ಞೆ ಬರೆದು ನಡೆಸುವಾಗ, ಟೆಂಪೋ (ವೇಗ) ಆಯ್ಕೆಗೆ 128:120 ಎಂದು ಬರೆದರೆ ಸಾಕು, ಲೆಕ್ಕ ಅದರದ್ದು. 2022ರಲ್ಲಿ ಬಂದ 3.0 ಆವೃತ್ತಿಯಿಂದ ಅದರಲ್ಲಿ ವೇಗ, ಶ್ರುತಿ ಬದಲಿಸುವ ಆರ್3 ಎಂಬ ಹೊಸ ಎಂಜಿನ್ ಇದೆ. ಹಳೆಯ ಆರ್2ಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಆದರೆ ಹಲವು ವಾದ್ಯ ಸೇರಿದ ಹಾಡನ್ನು ಅರ್ಧ ವೇಗಕ್ಕೆ ಇಳಿಸಿದಾಗಲೂ ಸ್ನೇರ್ ಡ್ರಮ್ಮಿನ ಏಟಿನ ಮೊನೆ ಉಳಿಯುತ್ತದೆ, ಗಿಟಾರಿನ ಮೀಟು ಎಲ್ಲಿ ಶುರುವಾಯಿತೆಂದು ಕಿವಿಗೆ ಸಿಗುತ್ತದೆ. ಹಾಡುಗಾರರ ಶ್ರುತಿಯನ್ನು ಮೂರು ಸೆಮಿಟೋನ್ (ಅರ್ಧ ಸ್ವರ) ಏರಿಸುವಾಗ ಫಾರ್ಮಂಟ್ (ದನಿಯ ಸಹಜ ಬಣ್ಣ) ಉಳಿಸುವ ಆಯ್ಕೆ ಹಾಕಿಕೊಳ್ಳಿ; ಇಲ್ಲದಿದ್ದರೆ ದೊಡ್ಡವರ ದನಿ ಕಾರ್ಟೂನಿನ ದನಿಯಾಗುತ್ತದೆ. ಇದು ಮುಕ್ತ ತಂತ್ರಾಂಶ, ದುಡ್ಡು ಬೇಕಿಲ್ಲ. ಗುಂಡಿಗಳಿಲ್ಲ, ಕೇಳುತ್ತಲೇ ಬದಲಿಸುವಂತಿಲ್ಲ. ಕಡತ ಪೂರ್ತಿ ತಯಾರಾದ ಮೇಲೆಯೇ ಫಲಿತಾಂಶ. ನಾನು ರಾತ್ರಿ ಒಟ್ಟಿಗೆ ಹತ್ತಾರು ಹಾಡು ಹಾಕಿ ಮಲಗುವುದರಿಂದ ಅದು ತೊಂದರೆ ಅನ್ನಿಸಿಲ್ಲ.

ಆಡಾಸಿಟಿಯ ಟೆಂಪೋ ಬದಲಾವಣೆಯಲ್ಲೂ ಮೊದಲಿನ ಮತ್ತು ಬೇಕಾದ ಬಿಪಿಎಂ ನೇರವಾಗಿ ಬರೆಯಬಹುದು. ಒಳಗೆ ಕೆಲಸ ಮಾಡುವ ಎಂಜಿನ್ ಸೌಂಡ್‌ಟಚ್. ಅದು ದನಿಯನ್ನು ಚಿಕ್ಕಚಿಕ್ಕ ತುಂಡು ಮಾಡಿ ಒಂದರ ಮೇಲೊಂದು ಹೊಂದಿಸುತ್ತದೆ. ವೇಗ ತೀರಾ ಇಳಿಸಿದಾಗ ಕೆಲವು ತುಂಡು ಮರುಕಳಿಸಿ, ಡ್ರಮ್ಮಿನ ಒಂದೇ ಏಟು ಎರಡಾಗಿ ಕೇಳಬಹುದು. ಉತ್ತಮ ಗುಣಮಟ್ಟದ ಆಯ್ಕೆಗೆ ಟಿಕ್ ಹಾಕಿದರೆ ಬೇರೆ ವಿಧಾನಕ್ಕೆ ಹೋಗುತ್ತದೆ, ಬಹಳ ನಿಧಾನ. ಭಾಷಣ, ಪಾಠದ ರೆಕಾರ್ಡಿಂಗಿಗೆ ಮಾತ್ರ ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ.

ಪಾಲ್‌ಸ್ಟ್ರೆಚ್ ಎಂಬ ತಂತ್ರಾಂಶ ಹಾಡಿನ ಅಭ್ಯಾಸಕ್ಕಲ್ಲ, ಕೆಲವು ಸೆಕೆಂಡುಗಳ ದನಿಯನ್ನು ನಿಮಿಷಗಟ್ಟಲೆ ಎಳೆಯಬೇಕಾದವರಿಗೆ.

ಟರ್ಮಿನಲ್ ಬೇಡವೆನ್ನುವವರು ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶ ನೋಡಿ. ಅದರ ಸ್ಟ್ರೆಚ್ ವಿಧಾನಗಳ ಪಟ್ಟಿಯಲ್ಲಿ ಇಲಾಸ್ಟೀಕ್ ಎಂಬ ಎಂಜಿನ್ ಜೊತೆಗೆ ರಬ್ಬರ್ ಬ್ಯಾಂಡೂ ಇದೆ, ಕೇಳುತ್ತಲೇ ಎರಡನ್ನೂ ಬದಲಿಸಿ ನೋಡಬಹುದು.