ಮನೆಯಲ್ಲಿ ಕಟ್ಟಿದ ಸಿಎನ್‌ಸಿಗೆ 710 ವ್ಯಾಟ್ ಟ್ರಿಮ್ ರೌಟರ್: ದೀರ್ಘ ಬಳಕೆಯ ಲೆಕ್ಕಾಚಾರ

ಮಕಿಟಾ ಆರ್‌ಟಿ0700 ಕೈಯಲ್ಲಿ ಹಿಡಿದು ಮರದ ಅಂಚು ತೀಡಲೆಂದು ಮಾಡಿದ ರೌಟರ್ (ಬಿಟ್ ತಿರುಗಿಸಿ ಕೊರೆಯುವ ಉಪಕರಣ). ಅದನ್ನೇ ಸಿಎನ್‌ಸಿಗೆ, ಅಂದರೆ ಕಂಪ್ಯೂಟರ್ ಹೇಳಿದಂತೆ ಓಡಾಡಿ ಕತ್ತರಿಸುವ ಯಂತ್ರಕ್ಕೆ, ಕಟ್ಟುವುದುಂಟು. ತೂಕ ಎರಡು ಕಿಲೋ ಒಳಗೆ, ಹಾಗಾಗಿ ಸಣ್ಣ ಮೋಟಾರಿನ ಝಡ್ ಆಕ್ಸಿಸ್ (ಮೇಲೆ ಕೆಳಗೆ ಚಲಿಸುವ ಭಾಗ) ಕೂಡ ತಡೆದುಕೊಳ್ಳುತ್ತದೆ. ಮೈಯ ವ್ಯಾಸ 65 ಮಿ.ಮೀ. ಸಾಮಾನ್ಯವಾಗಿ ಸಿಗುವ 800 ವ್ಯಾಟ್ ವಾಟರ್ ಕೂಲ್ಡ್ ಸ್ಪಿಂಡಲ್‌ನದೂ (ಸಿಎನ್‌ಸಿಗೆಂದೇ ಮಾಡಿದ, ಬಿಟ್ ತಿರುಗಿಸುವ ಮೋಟಾರ್) ಇದೇ ಅಳತೆ. ಮುಂದೆ ಸ್ಪಿಂಡಲ್‌ಗೆ ಹೋದರೂ ಕ್ಲಾಂಪ್ ದಂಡವಾಗುವುದಿಲ್ಲ.

ಸಣ್ಣ ಯಂತ್ರದಲ್ಲಿ ಇದರ ಶಕ್ತಿ ಸಾಲದು ಅನ್ನಿಸುವುದಿಲ್ಲ. ಕಾಡುವುದು ಇದರ ಕನಿಷ್ಠ ವೇಗ. ಡಯಲ್ 1ರಲ್ಲೇ ನಿಮಿಷಕ್ಕೆ 10,000 ಸುತ್ತು, 3ರಲ್ಲಿ ಸುಮಾರು 17,000, 6ರಲ್ಲಿ 30,000. ಸಿಎನ್‌ಸಿ ಬಿಟ್ಟನ್ನು ಹೊತ್ತು ನಿಮಿಷಕ್ಕೆ 1,500 ಮಿ.ಮೀ. ಮಾತ್ರ ಓಡುತ್ತದೆ ಅಂದುಕೊಳ್ಳಿ. 17,000ದಲ್ಲಿ ಎರಡು ಅಲಗಿನ ಬಿಟ್ ಹಾಕಿದರೆ ಒಂದು ಸುತ್ತಿನಲ್ಲಿ ಪ್ರತಿ ಅಲಗಿಗೆ ಕತ್ತರಿಸಲು ಸಿಗುವುದು 0.044 ಮಿ.ಮೀ. ಅಷ್ಟು ತೆಳುವಾದರೆ ಅಲಗು ಕತ್ತರಿಸುವ ಬದಲು ಉಜ್ಜುತ್ತದೆ: ಮರ ಕಪ್ಪಾಗುತ್ತದೆ, ಅಕ್ರಿಲಿಕ್ ಕರಗಿ ಬಿಟ್‌ಗೆ ಮೆತ್ತಿಕೊಳ್ಳುತ್ತದೆ. ಅದೇ ಓಟದಲ್ಲಿ ಡಯಲ್ 1, ಒಂದೇ ಅಲಗಿನ ಬಿಟ್ ಹಾಕಿದರೆ 0.15 ಮಿ.ಮೀ. ಸಿಗುತ್ತದೆ. ಡಯಲ್ ಇಲ್ಲದೆ 30,000ದಲ್ಲೇ ತಿರುಗುವ ರೌಟರ್ ಎಷ್ಟೇ ಅಗ್ಗವಾಗಿದ್ದರೂ ಬೇಡ ಎನ್ನಲು ಇದೇ ಕಾರಣ.

ಗಂಟೆಗಟ್ಟಲೆ ಓಡಿಸಿದಾಗ ಮೊದಲು ಸವೆಯುವುದು ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ತುಂಡು). ವೇಗ ಏರಿಳಿದರೆ, ಒಳಗೆ ಕಿಡಿ ಹೆಚ್ಚಾಗಿ ಕಂಡರೆ ತೆಗೆದು ನೋಡಿ. ಮಿತಿಯ ಗುರುತು ಮುಟ್ಟಿದ್ದರೆ ಜೋಡಿಯಾಗಿಯೇ ಬದಲಿಸಬೇಕು. ತಣಿಸುವ ಫ್ಯಾನ್ ಸುತ್ತಲಿನ ಗಾಳಿಯನ್ನೇ ಎಳೆಯುವುದರಿಂದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪುಡಿ ಬೇರಿಂಗ್‌ಗೂ ಸ್ವಿಚ್‌ಗೂ ಸೇರುತ್ತದೆ. ಡಸ್ಟ್ ಶೂ (ಬಿಟ್ ಸುತ್ತ ಪುಡಿ ಹಿಡಿಯುವ ಕವಚ) ಇಲ್ಲದೆ ಓಡಿಸಬೇಡಿ. ಅಲ್ಯೂಮಿನಿಯಂ ಚೂರು ಒಳಹೊಕ್ಕರೆ ಇನ್ನೂ ಅಪಾಯ, ಅದು ವಿದ್ಯುತ್ ಹರಿಸುತ್ತದೆ. ಸದ್ದಂತೂ ಕಿವಿಗೆ ರಕ್ಷಣೆ ಬೇಡುವಷ್ಟು.

500 ವ್ಯಾಟ್ ಡಿಸಿ ಸ್ಪಿಂಡಲ್ ಇದಕ್ಕಿಂತ ಮೆತ್ತಗೆ ಕೂಗುತ್ತದೆ, ಇಆರ್11 ಕಾಲೆಟ್ (ಬಿಟ್ಟನ್ನು ಬಿಗಿಹಿಡಿಯುವ ಸೀಳಿದ ಕೊಳವೆ; ಇಆರ್ ಸಂಖ್ಯೆ ಅದರ ಅಳತೆ) ಇರುವುದರಿಂದ 1 ಮಿ.ಮೀ. ಬಿಟ್ಟಿಗೂ ಒಳ್ಳೆಯದು. ಆದರೆ ಗರಿಷ್ಠ 12,000 ಸುತ್ತು. ಗಟ್ಟಿ ಮರದಲ್ಲಿ ಆಳಕ್ಕಿಳಿದರೆ ಉಸಿರು ಕಟ್ಟುತ್ತದೆ. ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಕೆತ್ತನೆಗೆ ಸಾಕು.

ದಿನವಿಡೀ ಓಡಿಸುವವರಿಗೆ ವಿಎಫ್‌ಡಿ (ವಿದ್ಯುತ್ತಿನ ಹರ್ಟ್ಸ್ ಬದಲಿಸಿ ವೇಗ ಹೊಂದಿಸುವ ಪೆಟ್ಟಿಗೆ) ಜೊತೆಗಿನ ಸ್ಪಿಂಡಲ್ಲೇ ಸರಿ. ಆದರೆ 2.2 ಕಿಲೋವ್ಯಾಟ್ ಸ್ಪಿಂಡಲ್‌ನ ಭಾರಕ್ಕೆ ಫ್ರೇಮ್ ಬಾಗುವಂತಿದ್ದರೆ ಆ ಹಣ ಮೊದಲು ಫ್ರೇಮ್‌ಗೆ ಹೋಗಲಿ. 8 ಮಿ.ಮೀ. ಶ್ಯಾಂಕ್ (ಬಿಟ್ಟಿನ ಹಿಡಿ ಭಾಗ) ಬೇಕಾದರೆ ಇಆರ್11 ಸಾಲದು, ಅದು 7ಕ್ಕೇ ಮುಗಿಯುತ್ತದೆ. ಇಆರ್16 ಅಥವಾ ಇಆರ್20 ನೋಡಿ. ಯಾವ ಇಆರ್ ಆದರೂ ಕಾಲೆಟ್ಟನ್ನು ಮೊದಲು ನಟ್ಟಿನೊಳಗೆ ಕ್ಲಿಕ್ ಎನ್ನುವಂತೆ ಕೂರಿಸಿ, ಆಮೇಲೆ ಸ್ಪಿಂಡಲ್‌ಗೆ ತಿರುಗಿಸಿ. ಇಲ್ಲವಾದರೆ ಬಿಟ್ ಓಲಾಡುತ್ತದೆ, ಕಾಲೆಟ್ ಒಳಗೇ ಸಿಕ್ಕಿಕೊಳ್ಳುತ್ತದೆ.

ಹೊಸ ಸ್ಪಿಂಡಲ್ ಮೊದಲ ದಿನವೇ ಸುಟ್ಟುಹೋಗುವುದುಂಟು. 24,000 ಸುತ್ತಿನ ಸ್ಪಿಂಡಲ್ 400 ಹರ್ಟ್ಸ್‌ಗೆ ಮಾಡಿದ್ದು. ವಿಎಫ್‌ಡಿಯ ಬೇಸ್ ಫ್ರೀಕ್ವೆನ್ಸಿ (ಪೂರ್ತಿ ವೋಲ್ಟ್ ಕೊಡುವ ಹರ್ಟ್ಸ್) 50ರಲ್ಲೇ ಉಳಿದಿದ್ದರೆ 50 ಹರ್ಟ್ಸ್‌ಗೇ ಪೂರ್ತಿ 220 ವೋಲ್ಟ್ ಸುರಿದು ಸುರುಳಿ ಕಾಯುತ್ತದೆ. ಹುವಾನ್‌ಯಾಂಗ್‌ನಲ್ಲಿ (ಒಂದು ವಿಎಫ್‌ಡಿ ಬ್ರ್ಯಾಂಡ್) ಬೇಸ್ ಫ್ರೀಕ್ವೆನ್ಸಿಯ ಪಿಡಿ004, ಗರಿಷ್ಠ ಫ್ರೀಕ್ವೆನ್ಸಿಯ ಪಿಡಿ005 ಈ ಎರಡು ಸೆಟ್ಟಿಂಗನ್ನೂ 400 ಮಾಡಿ, ಪಿಡಿ142ಕ್ಕೆ ಸ್ಪಿಂಡಲ್ ಫಲಕದ ಮೇಲಿನ ಆಂಪಿಯರ್ ಕೊಡಿ, ಆಮೇಲಷ್ಟೇ ರನ್ ಒತ್ತಿ. ಅದಕ್ಕೂ ಮುಂಚೆ ಮಲ್ಟಿಮೀಟರ್ ಹಿಡಿದು ಕನೆಕ್ಟರ್‌ನ ನಾಲ್ಕನೇ ಪಿನ್ನಿಗೂ ಸ್ಪಿಂಡಲ್ ಮೈಗೂ ಸಂಪರ್ಕ ಇದೆಯೇ ನೋಡಬೇಕು. ಅಗ್ಗದ ಸ್ಪಿಂಡಲ್‌ಗಳಲ್ಲಿ ಆ ಅರ್ಥಿಂಗ್ ತಂತಿ ಒಳಗೆ ಜೋಡಿಸದೆಯೇ ಬರುವುದುಂಟು.