ರಾಯಚೂರಿನ ಒಂದು ಇಂಗ್ಲಿಷ್ ತರಗತಿ: ಪಾಠ ಗಟ್ಟಿ, ಕೈಪಿಡಿ ಪೊಳ್ಳು

ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಹುದ್ದೆಗಳು ಮೀಸಲಾದ ಮೇಲೆ, ಸಿಂಧನೂರು, ಮಾನ್ವಿ, ದೇವದುರ್ಗಗಳಿಂದ ರಾಯಚೂರಿಗೆ ಬಂದು ಕೋಣೆ ಹಿಡಿದು ಓದುವವರಿಗೆ ತರಬೇತಿ ಕೇಂದ್ರದ ಆಯ್ಕೆಯೇ ಮೊದಲ ತಲೆನೋವು. ಅಂಥ ಒಂದು ಕೇಂದ್ರದಲ್ಲಿ ಸಂಜೆ ನಡೆಯುವ ಇಂಗ್ಲಿಷ್ ಪದಸಂಪತ್ತಿನ ತರಗತಿಯನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಕೇಂದ್ರದ ಹೆಸರು ಬೇಡ. ಇಲ್ಲಿ ಹೇಳುವ ಕೊರತೆಗಳು ಒಬ್ಬರಿಗಷ್ಟೇ ಸೇರಿದವಲ್ಲ. ಇಡೀ ಪಠ್ಯವನ್ನು ಅಳೆಯುವ ಬದಲು, ನಂಬಿಕೆ ಮತ್ತು ಅಪನಂಬಿಕೆಯ ಪದಗಳ ಘಟಕವೊಂದನ್ನೇ ತೆಗೆದುಕೊಂಡಿದ್ದೇನೆ, ಏಕೆಂದರೆ ಸಮಾನಾರ್ಥಕ ಮತ್ತು ವಿರುದ್ಧಾರ್ಥಕಗಳ ಪ್ರಶ್ನೆಗಳಲ್ಲಿ ಅಭ್ಯರ್ಥಿಗಳು ಹೆಚ್ಚಾಗಿ ಮುಗ್ಗರಿಸುವುದು ಇಂಥ ಒಂದೇ ಬಣ್ಣದ ಪದಗಳ ಗುಂಪಿನಲ್ಲಿ.

ಪಾಠ ಮಾಡುವವರು ನಿವೃತ್ತ ಬ್ಯಾಂಕ್ ಅಧಿಕಾರಿ. ಅವರು ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಿಲ್ಲ; ನಂಬುವವರು ಯಾರು, ನಂಬಿಸಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಮೊದಲು ಕೇಳುತ್ತಾರೆ. ಟ್ರಸ್ಟಿಂಗ್ ಎಂದರೆ ಬೇರೆಯವರನ್ನು ಸುಲಭವಾಗಿ ನಂಬುವವನು, ಟ್ರಸ್ಟ್‌ವರ್ದಿ ಎಂದರೆ ಬೇರೆಯವರು ನಂಬಬಹುದಾದವನು. ಕ್ರೆಡ್ಯುಲಸ್ ಎಂಬುದು ಹೇಳಿದ್ದನ್ನೆಲ್ಲ ನಂಬಿಬಿಡುವ ಮನುಷ್ಯನಿಗೆ, ಕ್ರೆಡಿಬಲ್ ಎಂಬುದು ನಂಬಲರ್ಹವಾದ ವ್ಯಕ್ತಿಗೆ ಅಥವಾ ಸಂಗತಿಗೆ ಸಲ್ಲುತ್ತದೆ. ಸುದ್ದಿ ಇನ್‌ಕ್ರೆಡಿಬಲ್ ಆಗಬಹುದು, ಅದನ್ನು ಕೇಳಿ ನಂಬದೆ ನಿಂತವನು ಇನ್‌ಕ್ರೆಡ್ಯುಲಸ್. ಸಸ್ಪಿಷಿಯಸ್ ಮಾತ್ರ ಎರಡೂ ಕಡೆಗೆ ಸಲ್ಲುವ ಪದ: ಸಂಶಯ ಪಡುವವನಿಗೂ ಅದೇ, ಸಂಶಯ ಹುಟ್ಟಿಸುವವನಿಗೂ ಅದೇ. ಈ ಒಂದು ಪಾಠ ಅರ್ಥವಾದರೆ ಅರ್ಧ ಪಟ್ಟಿ ತಾನಾಗಿಯೇ ನೆನಪಿನಲ್ಲಿ ನಿಲ್ಲುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಡೌಟ್ ಮತ್ತು ಸಸ್ಪೆಕ್ಟ್ ಪದಗಳ ವಿವರಣೆ. ನಮ್ಮ ಕಡೆ 'ಸರ್, ಒಂದು ಡೌಟ್' ಎಂದರೆ ಬರಿಯ ಪ್ರಶ್ನೆ. ಇಂಗ್ಲಿಷಿನಲ್ಲಿ 'ಐ ಡೌಟ್ ಹಿ ವಿಲ್ ಕಮ್' ಎಂದರೆ ಅವನು ಬರಲಿಕ್ಕಿಲ್ಲ ಎಂಬ ಅನಿಸಿಕೆ. 'ಐ ಸಸ್ಪೆಕ್ಟ್ ಹಿ ವಿಲ್ ಕಮ್' ಎಂದರೆ ಬಂದಾನು ಎಂಬ ಊಹೆ. ಎರಡಕ್ಕೂ ಸಂಶಯ ಎಂದೇ ಬರೆದುಕೊಂಡವನು ವಾಕ್ಯದ ಅರ್ಥವನ್ನು ತಲೆಕೆಳಗು ಮಾಡಿಕೊಳ್ಳುತ್ತಾನೆ. ಡಿಸ್‌ಟ್ರಸ್ಟ್ ಮತ್ತು ಮಿಸ್‌ಟ್ರಸ್ಟ್ ಪದಗಳಿಗೆ ಅವರು ಹತ್ತಿ ಮಾರುಕಟ್ಟೆಯ ಉದಾಹರಣೆ ಕೊಟ್ಟರು: ಹಿಂದೆ ತೂಕದಲ್ಲಿ ಮೋಸ ಮಾಡಿದ ಖರೀದಿದಾರನ ಮೇಲೆ ರೈತನಿಗಿರುವುದು ಡಿಸ್‌ಟ್ರಸ್ಟ್, ಹೊಸದಾಗಿ ಬಂದ ಅಪರಿಚಿತನ ಮೇಲೆ ಕಾರಣವಿಲ್ಲದೆ ಮೂಡುವ ಅಳುಕು ಮಿಸ್‌ಟ್ರಸ್ಟ್. ಬಳಕೆಯಲ್ಲಿ ಇವೆರಡೂ ಬೆರೆತುಹೋಗಿವೆ, ಪರೀಕ್ಷೆಯಲ್ಲಿ ಒಂದಕ್ಕೆ ಇನ್ನೊಂದು ಸಮಾನಾರ್ಥಕವಾಗಿ ಬಂದರೆ ಗಾಬರಿಯಾಗಬೇಡಿ ಎಂದೂ ಎಚ್ಚರಿಸಿದರು. ಸ್ಕೆಪ್ಟಿಕ್ ಪುರಾವೆ ಕೇಳುವವನು, ಸಿನಿಕ್ ಉದ್ದೇಶವನ್ನೇ ಅನುಮಾನಿಸುವವನು ಎಂಬುದನ್ನು ಒಂದೇ ಮಾತಿನಲ್ಲಿ ಮುಗಿಸಿದರು, ಅಷ್ಟೇ ಸಾಕಾಗಿತ್ತು.

ಮೂಲಧಾತುಗಳ ಪಾಠವೂ ಒಳ್ಳೆಯದೇ. ನಂಬು ಎಂಬರ್ಥದ ಲ್ಯಾಟಿನ್ ಕ್ರೆಡೆರೆಯಿಂದ ಕ್ರೆಡಿಟ್ ಬಂದಿದೆ ಎಂದಾಗ, ಉದ್ರಿ ಕೊಡುವ ಕಿರಾಣಿ ಅಂಗಡಿಯನ್ನು ಕಂಡವರಿಗೆ ಬೇರೆ ವಿವರಣೆ ಬೇಕಿಲ್ಲ. ನಂಬಿಕೆ ಎಂಬರ್ಥದ ಫಿಡೆಸ್‌ನಿಂದ ಫಿಡೆಲಿಟಿ, ಕಾನ್ಫಿಡೆನ್ಸ್, ನಂಬಿಕೆದ್ರೋಹ ಎಂಬರ್ಥದ ಪರ್ಫಿಡಿ, ತನ್ನ ಮೇಲೆಯೇ ನಂಬಿಕೆ ಸಾಲದ ಡಿಫಿಡೆಂಟ್, ಶಾಲಾ ಕಚೇರಿಯ ಬೋನಾಫೈಡ್, ನ್ಯಾಯಾಲಯದ ಅಫಿಡವಿಟ್ ಎಲ್ಲವೂ ಒಂದೇ ಬಳ್ಳಿಗೆ ಸೇರುತ್ತವೆ. ನ್ಯೂಯಾರ್ಕಿನಲ್ಲಿ ವಿಲಿಯಂ ಥಾಂಪ್ಸನ್ ಎಂಬವನು ಅಪರಿಚಿತರನ್ನು ಮಾತಿಗೆಳೆದು, ನನ್ನ ಮೇಲೆ ನಂಬಿಕೆಯಿದ್ದರೆ ನಾಳೆಯವರೆಗೆ ನಿಮ್ಮ ಗಡಿಯಾರ ಕೊಡಿ ಎಂದು ಕೇಳಿ ಒಯ್ಯುತ್ತಿದ್ದನಂತೆ. 1849ರಲ್ಲಿ ಅವನು ಸಿಕ್ಕಿಬಿದ್ದಾಗ ಪತ್ರಿಕೆಗಳು ಕಾನ್ಫಿಡೆನ್ಸ್ ಮ್ಯಾನ್ ಎಂದು ಕರೆದವು, ಇಂದಿನ ಕಾನ್‌ಮ್ಯಾನ್ ಅದರ ಮೊಟಕು ರೂಪ. ಒಟಿಪಿ ಕೇಳುವ ಕರೆಗಳ ಕಾಲದಲ್ಲಿ ಈ ಕಥೆ ತರಗತಿಯನ್ನು ಚೆನ್ನಾಗಿ ನಗಿಸಿತು.

ಇಷ್ಟು ಒಳ್ಳೆಯ ಪಾಠದ ಜೊತೆಗೆ ಕೊಡುವ ಕೈಪಿಡಿ ಮಾತ್ರ ನಿರಾಶೆ ತರುತ್ತದೆ. ಅದರಲ್ಲಿ ಟ್ರಸ್ಟ್, ಫೇಯ್ತ್, ಬಿಲೀಫ್, ಕಾನ್ಫಿಡೆನ್ಸ್ ನಾಲ್ಕಕ್ಕೂ ನಂಬಿಕೆ ಎಂಬ ಒಂದೇ ಅರ್ಥವಿದೆ. ಒಂದು ಉದಾಹರಣೆ ವಾಕ್ಯವೂ ಇಲ್ಲ. ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಬೇಕಾದ ಫಿಡ್ಯೂಷಿಯರಿ ಎಂಬ ಪದ, ಅಂದರೆ ಇನ್ನೊಬ್ಬರ ಹಿತಕ್ಕಾಗಿ ಅವರ ಹಣ ಅಥವಾ ಆಸ್ತಿಯನ್ನು ನೋಡಿಕೊಳ್ಳುವ ಹೊಣೆಯನ್ನು ಸೂಚಿಸುವ ಪದ, ಪಟ್ಟಿಯಲ್ಲೇ ಇಲ್ಲ. ಕ್ರಿಮಿನಲ್ ಬ್ರೀಚ್ ಆಫ್ ಟ್ರಸ್ಟ್, ಅಂದರೆ ನಂಬಿ ಒಪ್ಪಿಸಿದ ಆಸ್ತಿಯನ್ನು ದುರ್ಬಳಕೆ ಮಾಡುವ ಅಪರಾಧ, ಎಂಬುದರ ಮುಂದೆ ಭಾರತೀಯ ದಂಡ ಸಂಹಿತೆಯ 405 ಮತ್ತು 406ನೇ ಕಲಂಗಳನ್ನು ಅಚ್ಚು ಹಾಕಿದ್ದಾರೆ. 2024ರ ಜುಲೈ 1ರಿಂದ ಅದರ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದ್ದು, ಈಗ ಈ ಅಪರಾಧಕ್ಕೆ ಅದರ 316ನೇ ಕಲಂ. ಸಾಮಾನ್ಯ ಜ್ಞಾನದ ಪತ್ರಿಕೆಯಲ್ಲಿ ಇಂಥದ್ದನ್ನು ಕೇಳುವ ಸಾಧ್ಯತೆ ಇರುವಾಗ ಹಳೆಯ ಅಚ್ಚನ್ನೇ ಮಾರುವುದು ಸರಿಯಲ್ಲ.

ಕೋಣೆ ಇಕ್ಕಟ್ಟು, ಹಿಂದಿನ ಸಾಲಿನವರಿಗೆ ಹಲಗೆ ಕಾಣುವುದಿಲ್ಲ, ಬೇಸಿಗೆಯಲ್ಲಿ ಕರೆಂಟ್ ಹೋದರೆ ಪಾಠ ನಿಲ್ಲುತ್ತದೆ. ಮಧ್ಯದಲ್ಲಿ ಬಿಟ್ಟರೆ ಉಳಿದ ಶುಲ್ಕ ಮರಳಿಸುತ್ತೇವೆ ಎಂದು ಬಾಯಿಮಾತಿನಲ್ಲಿ ಹೇಳುತ್ತಾರೆ, ರಸೀದಿಯಲ್ಲಿ ಆ ಮಾತಿಲ್ಲ. ಟ್ರಸ್ಟ್ ಪದವನ್ನು ಇಷ್ಟು ಸೊಗಸಾಗಿ ಕಲಿಸುವವರ ಕಚೇರಿಯಲ್ಲಿ ಶುಲ್ಕ ಮರಳಿಸುವ ಮಾತನ್ನು ಬರೆಸಿಕೊಳ್ಳಬೇಕಾಗಿ ಬಂದದ್ದು ತಮಾಷೆಯೇ ಸರಿ. ಇಂಗ್ಲಿಷ್ ವಾಕ್ಯವನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲವರು, ಪರೀಕ್ಷೆಗೆ ಇನ್ನೂ ಕೆಲವು ತಿಂಗಳಿರುವವರು ಧಾರಾಳವಾಗಿ ಸೇರಬಹುದು. ವ್ಯಾಕರಣದ ಬುನಾದಿಯೇ ಇಲ್ಲದವರಿಗೆ ಈ ತರಗತಿ ಭಾರವಾದೀತು. ಕೈಪಿಡಿಗೆ ಪ್ರತ್ಯೇಕ ಹಣ ಕೇಳಿದರೆ ಕೊಡಬೇಡಿ. ಉದಾಹರಣೆ ವಾಕ್ಯಗಳಿರುವ ಒಳ್ಳೆಯ ನಿಘಂಟೊಂದನ್ನು ಕೊಂಡು, ತರಗತಿಯಲ್ಲಿ ಸ್ವಂತ ಟಿಪ್ಪಣಿ ಮಾಡಿಕೊಳ್ಳಿ, ಸಂಜೆ ಸ್ವಲ್ಪ ಮುಂಚೆ ಹೋಗಿ ಮುಂದಿನ ಸಾಲು ಹಿಡಿಯಿರಿ.